ಹಗುರವಾದ ಪಿನ್ನು

ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ಹಠದಲ್ಲಿ ನನ್ನನ್ನೂ ಮೀರಿಸಿದ ನಮ್ಮ ಯಜಮಾನರಿಗೆ,

ರೈಫಲ್ ಬಂದು ತಲುಪಿತು, ಜೊತೆಗಿದ್ದ ಚೀಟಿಯೂ ಸಿಕ್ಕಿತು. ಮನೆ ಬಿಟ್ಟು ಹೋಗಿ ಮೂರು ವರ್ಷದ ಮೇಲೆ ಹೆಂಡತಿಗೆ ಬರೆದದ್ದು ಇಷ್ಟೇ: ಪಿನ್ನು ಸವೆದಿದೆ, ಹಗುರವಾದದ್ದು ಹಾಕಿ ಬೇಗ ಕಳಿಸು, ಸ್ಪರ್ಧೆ ಹತ್ತಿರವಿದೆ, ಅಭ್ಯಾಸ ಜೋರಾಗಿ ನಡೆದಿದೆ. ಹೇಗಿದ್ದೀಯ ಅಂತ ಒಂದು ಮಾತು ಸೇರಿಸಿದ್ದರೆ ಶಾಯಿ ಖಾಲಿಯಾಗುತ್ತಿತ್ತೇ?

ಇರಲಿ. ಬಂದೂಕು ರಿಪೇರಿಯ ಅಂಗಡಿ ಅಪ್ಪನಿಂದ ಬಂದದ್ದು. ಗಂಡನಾದರೂ ಗಿರಾಕಿ ಗಿರಾಕಿಯೇ. ಬೆಳಿಗ್ಗೆ ಬಿಚ್ಚಿ ನೋಡಿದೆ. ಗುಂಡಿನ ತೋಟೆಯ ಹಿಂಬದಿಗೆ ಬಡಿಯುವ ಪಿನ್ನಿನ ತುದಿ ನಿಜಕ್ಕೂ ಚಪ್ಪಟೆಯಾಗಿತ್ತು. ಹೊಸದು ಟೈಟೇನಿಯಂನದು, ಅಂಗೈಯಲ್ಲಿಟ್ಟರೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಹಗುರವಾದ್ದರಿಂದ ಬೇಗ ಚಿಮ್ಮುತ್ತದೆ. ಬೆರಳಿನಿಂದ ಕುದುರೆ ಎಳೆಯುವುದಕ್ಕೂ ಗುಂಡು ಹಾರುವುದಕ್ಕೂ ನಡುವೆ ಕೈ ಅಲುಗಾಡಲು ಪುರುಸೊತ್ತೇ ಸಿಗುವುದಿಲ್ಲ. ತುದಿಯನ್ನು ಕೂದಲೆಳೆಯಷ್ಟು ಉಜ್ಜಿ ಕೂರಿಸಿ, ಹಿಂದಿನ ಶೆಡ್ಡಿನಲ್ಲಿ ಮರಳಿನ ಮೂಟೆಗೆ ಹೊಡೆದು ನೋಡಿದೆ. ಒಂದು ಸಲವೂ ಕೈಕೊಡಲಿಲ್ಲ.

ಆದರೆ ಬಂದೂಕು ರಿಪೇರಿ ಮಾಡುವವಳಿಗೆ ಸುಳ್ಳು ಬರೆಯಬಾರದು ನೋಡಿ. ಹೊಡೆಯುವ ಮೊದಲು ನಳಿಗೆಯೊಳಗೆ ಬಟ್ಟೆ ತೂರಿಸಿದ್ದೆ. ಮೂರು ವರ್ಷದ ಹಿಂದೆ ನೀವು ಮನೆ ಬಿಡುವ ಹಿಂದಿನ ವಾರ ನಾನೇ ಹಚ್ಚಿದ ಎಣ್ಣೆ ಒಣಗಿ ಅಂಟಾಗಿ ಕೂತಿತ್ತು. ಮದ್ದಿನ ಮಸಿಯ ಸುಳಿವೇ ಇಲ್ಲ. ಒಂದು ಗುಂಡೂ ಹಾರಿಸದೆ ಪಿನ್ನು ಸವೆಯುವುದು ಹೇಗೆ? ಮನೆಯಲ್ಲಿ ಒಬ್ಬರೇ ಕೂತು, ಗೋಡೆಗೆ ಗುರಿಯಿಟ್ಟು, ಖಾಲಿ ಬಂದೂಕಿನ ಕುದುರೆ ಎಳೆಯುತ್ತಲೇ ಇದ್ದರೆ. ಅದನ್ನು ನೆನೆದು ಕೆಲಸದ ಮೇಜಿಗೆ ತಲೆಯಾನಿಸಿ ಅತ್ತುಬಿಟ್ಟೆ.

ಆಮೇಲೆ ನಿಮ್ಮ ಶೂಟಿಂಗ್ ಕ್ಲಬ್ಬಿಗೆ ಫೋನ್ ಮಾಡಿದೆ. ನೀವು ಆ ಕಡೆ ತಲೆ ಹಾಕಿ ವರ್ಷಗಳೇ ಆದವಂತೆ. ಮೊನ್ನೆ ಮಾತ್ರ ಹೋಗಿ, ಯಾರಿಗೂ ಮುಟ್ಟಲು ಬಿಡದಿದ್ದ ನಿಮ್ಮ ಶೂಟಿಂಗ್ ಜಾಕೆಟ್ಟನ್ನು ಹೊಸಬರು ಯಾರಾದರೂ ಹಾಕಿಕೊಳ್ಳಲಿ ಅಂತ ಕೊಟ್ಟು ಬಂದಿರಂತೆ. ನಿಮ್ಮಕ್ಕನಿಗೂ ಫೋನ್ ಮಾಡಿದೆ. ಮನೆ ಬಿಡುವಾಗಲೂ ಜೊತೆಗೇ ಕರೆದುಕೊಂಡು ಹೋಗಿದ್ದ ನಾಯಿಯನ್ನು ಅವರ ಮನೆಯಲ್ಲಿ ಬಿಟ್ಟಿದ್ದೀರಂತೆ. ನೀವು ಕಪ್ಪು ಹಿಡಿದರೆ ಚಹಾ ಅರ್ಧ ನೆಲಕ್ಕೇ ಹೋಗುತ್ತದಂತೆ. ಜಾಕೆಟ್ ಕೊಟ್ಟವರು ಸ್ಪರ್ಧೆಗೆ ಹೋಗುತ್ತಾರೆಯೇ? ಆ ನಾಯಿಯನ್ನೂ ಬಿಟ್ಟು ಎಲ್ಲಿಗೆ ಹೊರಟಿದ್ದೀರಿ?

ನಿಮ್ಮ ಕೈ ನಡುಗುತ್ತಿದೆ, ಡಾಕ್ಟರಿಗೆ ತೋರಿಸೋಣ ಅಂತ ನಾನು ಅಂದದ್ದಕ್ಕೇ ಅಲ್ಲವೇ ನೀವು ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದದ್ದು? ನಾನೇನು ನಿಮ್ಮ ಗುರಿ ನೋಡಿ ಮದುವೆಯಾದೆನೇ? ಮೊದಲ ಸಲ ಈ ಅಂಗಡಿಗೆ ಬಂದಾಗ ಒಂದು ಸ್ಕ್ರೂ ಬಿಗಿಯಲು ಬಾರದೆ ಒದ್ದಾಡಿ, ನಾನು ನಕ್ಕಾಗ ಕಿವಿವರೆಗೂ ಕೆಂಪಾದ ಮನುಷ್ಯನನ್ನು ಮದುವೆಯಾದೆ. ಆ ಮನುಷ್ಯನ ಕೈ ನಡುಗಿದರೆ ನನಗೇನು ನಷ್ಟ?

ಸುತ್ತಿ ಬಳಸಿ ಹೇಳಲಾರೆ. ನನಗೆ ಹೆದರಿಕೆಯಾಗಿದೆ. ಒಂದೇ ಒಂದು ಸಲ, ಅದೂ ನಿಮ್ಮ ಮೇಲೇ, ಕೆಲಸ ಮಾಡಿದರೆ ಸಾಕು ಅಂತ ಈ ಪಿನ್ನು ಹಾಕಿಸುತ್ತಿದ್ದೀರೇನೋ ಅಂತ ಹೆದರಿಕೆ. ನಾನು ತಪ್ಪು ತಿಳಿದಿದ್ದರೆ ಬೇಕಾದಷ್ಟು ಬೈಯಿರಿ. ತಪ್ಪಲ್ಲದಿದ್ದರೆ ಎದುರಿಗೆ ಕೂತಿರುವ ನಿಮ್ಮಕ್ಕನಿಗೆ ಹೌದು ಅಂತ ಹೇಳಿಬಿಡಿ. ಈ ಕಾಗದವನ್ನೂ ರೈಫಲ್ಲಿನ ಪೆಟ್ಟಿಗೆಯನ್ನೂ ಅವರ ಕೈಯಲ್ಲೇ ಕಳಿಸುತ್ತಿರುವುದು ಅದಕ್ಕೇ. ನೀವು ಉತ್ತರ ಹೇಳದೆ ಅವರು ಅಲ್ಲಿಂದ ಏಳುವುದಿಲ್ಲ.

ಇನ್ನೂ ನಿಮ್ಮವಳೇ ಆದ,
ಅಂಗಡಿಯವಳು

ಮರೆತಿದ್ದೆ: ಸವೆದ ಭಾಗವನ್ನೂ ಗಿರಾಕಿಗೆ ವಾಪಸ್ ಕೊಡುವುದು ಅಪ್ಪನ ಕಾಲದ ಪದ್ಧತಿ. ಇವತ್ತು ಮೊದಲ ಸಲ ಅದನ್ನು ಮುರಿದಿದ್ದೇನೆ. ಪೆಟ್ಟಿಗೆಯಲ್ಲಿ ಹಳೆ ಪಿನ್ನೂ ಇಲ್ಲ, ರೈಫಲ್ಲಿನಲ್ಲಿ ಹೊಸದೂ ಇಲ್ಲ. ಕೂರಿಸಿದ್ದನ್ನು ಮತ್ತೆ ತೆಗೆಯುವಾಗ ನನ್ನ ಕೈ ಎಷ್ಟು ನಡುಗಿತೆಂದರೆ, ಪಿನ್ನು ಜಾರಿ ಬಿದ್ದು, ಮೊಣಕಾಲೂರಿ ಹುಡುಕಬೇಕಾಯಿತು. ಎರಡೂ ನನ್ನ ಹತ್ತಿರವೇ ಇವೆ. ಬೇಕಿದ್ದರೆ ನೀವೇ ಬಂದು ಕಿತ್ತುಕೊಳ್ಳಿ.