ಎಂಟು ಗಂಟೆಯ ಲಾಂಚ್

ಫೆಬ್ರವರಿ ೯, ಭಾನುವಾರ

ಇವತ್ತೂ ಆಟ ಅರ್ಧಕ್ಕೇ ನಿಂತಿತು. ಹೊಳೆಯಾಚೆ ತಂಗಿಯ ಮನೆ, ಎಂದಿನಂತೆ ಇಸ್ಪೀಟು. ನನ್ನ ಕೈಗೆ ರಾಜ, ರಾಣಿ ಎಲ್ಲ ಬಂದು ಕೂತಿದ್ದರು. ಅಷ್ಟರಲ್ಲಿ ಹೊಳೆ ದಾಟಿಸುವ ಲಾಂಚಿನ ಹಾರನ್. ಐದೂವರೆಗೆ ಕೊನೆಯದು. ತಂಗಿ ಎಲೆಗಳನ್ನು ಬಾಚಿಕೊಂಡು, "ಹೋಗಕ್ಕ, ಸೋಲೋದು ತಪ್ಪಿತು ನಿಂಗೆ" ಅಂದಳು. ನಾಲಿಗೆಯೋ ಚೂರಿಯೋ... ನನ್ನ ತಂಗಿಯೇ ತಾನೆ.

ಬೇಸಿಗೆಯಲ್ಲಿ ಐದೂವರೆಗೆ ಇನ್ನೂ ಹಾಡುಹಗಲು. ಆದರೂ ಕೊನೆಯ ಲಾಂಚ್. ಆಚೆ ದಡದ ಆಸ್ಪತ್ರೆಯ ನರ್ಸುಗಳು ಪಾಳಿ ಮುಗಿಸಿದರೂ ದಾಟಲಾಗದೆ ಅಲ್ಲೇ ಬೆಂಚಿನ ಮೇಲೆ ಮಲಗುತ್ತಾರೆ. ಸಮಯ ಗೊತ್ತು ಮಾಡುವವರು ರಾಜಧಾನಿಯಲ್ಲಿದ್ದಾರೆ. ಅವರು ಈ ಹೊಳೆ ಕಂಡಿಲ್ಲ, ಹೊಳೆ ಅವರನ್ನು ಕಂಡಿಲ್ಲ. ಅರ್ಜಿ ಕೊಟ್ಟಾಗಲೆಲ್ಲ ಒಂದೇ ಉತ್ತರ — ಪರಿಶೀಲನೆಯಲ್ಲಿದೆ.

ಮಾರ್ಚ್ ೨೪

ಸೊಸೆ ಚುನಾವಣೆಯಲ್ಲಿ ಗೆದ್ದಳು. ಅವಳ ಟೈಲರಿಂಗ್ ಅಂಗಡಿಯ ಮುಂದೆ ಕಾಲಿಡಲು ಜಾಗವಿಲ್ಲ. ಇನ್ನು ನಮ್ಮ ಪ್ರಾಂತ್ಯಕ್ಕೇ ಒಂದು ಶಾಸನಸಭೆಯಂತೆ. ರಾಜಧಾನಿಯವರು ಕೊನೆಗೂ ಮುಷ್ಟಿ ಸಡಿಲಿಸಿದರು.

ಊಟಕ್ಕೆ ಕೂತಾಗ ಕೇಳಿದೆ, "ಏನೇನು ಕೊಟ್ರಮ್ಮ ನಿಮ್ಮ ಕೈಗೆ?"

"ಶಾಲೆ, ಆಸ್ಪತ್ರೆ, ರಸ್ತೆ, ಹೊಳೆ, ಲಾಂಚು. ಸೈನ್ಯ, ನೋಟು ಮಾತ್ರ ಅಲ್ಲೇ ಇರ್ತದೆ ಅತ್ತೆ."

"ಇಟ್ಕೊಳ್ಳಲಿ. ಸೈನ್ಯ ಇಟ್ಕೊಂಡು ನಾನೇನು ಮಾಡಲಿ? ರಾತ್ರಿ ಎಂಟಕ್ಕೊಂದು ಲಾಂಚ್ ಬಿಡಿಸು, ಸಾಕು."

ಮಗ ನಕ್ಕ. "ಇಸ್ಪೀಟಿಗೋಸ್ಕರ ಕಾನೂನಾ ಅಮ್ಮ?"

"ನಿನ್ನ ಹೆಂಡ್ತಿ ಬಟ್ಟೆ ಕೊಡೋಕೆ ಹೋಗಿ ಆಚೆ ದಡದಲ್ಲಿ ಸಿಕ್ಕಿಹಾಕ್ಕೊಂಡ ದಿನ ಸೀದ ಅನ್ನ ತಿಂದೆಯಲ್ಲ, ಆವಾಗ ನಗಬೇಕಿತ್ತು."

ತಟ್ಟೆಯ ಮೇಲೆ ಬಗ್ಗಿದ. ಅಷ್ಟರಲ್ಲಿ ಸೊಸೆ ಸೌಟು ಹಿಡಿದು ಬಂದಳು — "ಅತ್ತೆ, ಉಪ್ಪು ಇಷ್ಟು ಸಾಕಾ?" ಶಾಸಕಿ ಕೇಳುವ ಪ್ರಶ್ನೆಯೇ ಇದು? ಅಡುಗೆಮನೆ ಬಿಟ್ಟುಕೊಟ್ಟು ವರ್ಷವಾಯಿತು. "ಸೌಟು ಯಾರ ಕೈಲಿದೆಯಮ್ಮ? ಮತ್ತೆ ನನ್ನ ಮುಖ ಯಾಕೆ ನೋಡ್ತೀಯ?" ಅಂದೆ.

ಉಪ್ಪು ಕಮ್ಮಿಯೇ ಇತ್ತು. ಹೇಳಲಿಲ್ಲ.

ಏಪ್ರಿಲ್ ೧೫, ಮಧ್ಯಾಹ್ನ

ನಗು ಇನ್ನೂ ನಿಂತಿಲ್ಲ. ಅಕ್ಷರ ಹೇಗೋ ಬರಲಿ...

ಪಾಸ್ ತೆಗೆದುಕೊಂಡು ಸಭೆ ನೋಡಲು ಹೋದೆ. ಹೊಸ ಕಟ್ಟಡ ಆಗಿಲ್ಲ, ಹಳೆಯ ನೂಲಿನ ಗೋದಾಮಿನಲ್ಲಿ ಕುರ್ಚಿ ಹಾಕಿದ್ದಾರೆ. ಎಷ್ಟು ಗುಡಿಸಿದರೂ ನೂಲಿನ ಧೂಳು ಹೋಗಿಲ್ಲ. ಒಬ್ಬರು ಭಾಷಣ, ಇನ್ನೊಬ್ಬರು ಸೀನು. ಮೇಲೆ ಅಟ್ಟದಲ್ಲಿ ನಮಗೆ ಜಾಗ. ಅದಕ್ಕೆ ಗ್ಯಾಲರಿ ಅನ್ನಬೇಕಂತೆ.

ಸೊಸೆ ಎದ್ದು ಎಂಟು ಗಂಟೆಯ ಲಾಂಚಿನ ಮಾತು ಎತ್ತಿದಳು. ಎಲ್ಲರೂ ಕೈ ಎತ್ತಿದರು. ವಿರೋಧ ಒಂದೂ ಇಲ್ಲ. ಸಭಾಪತಿ — ನಿವೃತ್ತ ಹೆಡ್‌ಮಾಸ್ಟರು — ಕನ್ನಡಕ ಏರಿಸಿ ಗಂಭೀರವಾಗಿ ಹೇಳಿದರು, "ಸರ್ವಾನುಮತದಿಂದ ಒಪ್ಪಿಗೆಯಾಗಿದೆ. ಮಂಜೂರಾತಿಗೆ ರಾಜಧಾನಿಗೆ ಕಳಿಸೋಣ."

ಎಲ್ಲರೂ ಹೂಂ ಅಂದು ತಲೆಯಾಡಿಸಿದರು. ಫೈಲಿಗೆ ದಾರ ಕಟ್ಟಿಯೂ ಆಯಿತು. ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಅದೇ ಅಭ್ಯಾಸವಲ್ಲವೇ.

ಹೋಯಿತು, ಮತ್ತೆ ಪರಿಶೀಲನೆ.

ಸೊಸೆ ತಟ್ಟನೆ ಎದ್ದಳು. "ಸಭಾಪತಿಗಳೇ, ಹೋದ ವರ್ಷ ನಮ್ಮತ್ತೆ ಅಡುಗೆಮನೆ ನನಗೆ ಬಿಟ್ಕೊಟ್ರು. ಇವತ್ತಿಗೂ ಅವರ ಹತ್ರ ಹೋಗಿ ಉಪ್ಪು ಸಾಕಾ ಅಂತೀನಿ. ಅವರು ಬೈತಾರೆ, ಸೌಟು ಯಾರ ಕೈಲಿದೆ ಅಂತ. ಲಾಂಚು ಈಗ ನಮ್ಮದು. ಯಾರನ್ನ ಕೇಳ್ತಿದ್ದೀವಿ ನಾವು?"

ಯಾರೋ ಸೀನಿದರು. ಸಭಾಪತಿ ಫೈಲನ್ನೂ ಮೇಲಿನ ಸೂರನ್ನೂ ನೋಡಿ, ತಾವೇ ದಾರ ಬಿಚ್ಚಿದರು. "ಹೌದಲ್ಲ... ಹಾಗಾದ್ರೆ, ಆಯ್ತು ಅಂತಲೇ ಅರ್ಥ."

ಹಾಗೆ ಹೇಳಿದ ಮೇಲೆ ತಡೆಯಲಾಗಲಿಲ್ಲ. ನಕ್ಕುಬಿಟ್ಟೆ, ಗೋದಾಮು ಹಾರಿಹೋಗುವಂತೆ. ಕಾವಲಿನವನು ಓಡಿ ಬಂದ. "ಅಜ್ಜಿ, ಇಲ್ಲಿ ನಗೋ ಹಾಗಿಲ್ಲ."

"ಅದಕ್ಕೂ ರಾಜಧಾನಿಯಿಂದ ಆರ್ಡರ್ ಬಂದಿದೆಯೇನಪ್ಪ?"

ಅವನೂ ನಕ್ಕ. ಕೆಳಗಿದ್ದವರೂ.

ಏಪ್ರಿಲ್ ೧೬

ಪೇಪರಿನಲ್ಲಿ ನನ್ನ ಫೋಟೊ. ಬಾಯಿ ತೆರೆದಿದೆ. ಮಗ ಅಂದ, "ಸಹಜವಾಗಿ ಬಂದಿದೆ."

ಮೇ ೪, ಭಾನುವಾರ. ತಂಗಿಯ ಮನೆ

ಇವತ್ತಿನಿಂದ ಎಂಟರ ಲಾಂಚ್. ಇಲ್ಲೇ ಕೂತು ಬರೆಯುತ್ತಿದ್ದೇನೆ, ತಂಗಿ ದೀಪದ ಸ್ವಿಚ್ ಹಾಕಲು ಎದ್ದಿದ್ದಾಳೆ.

ಐದೂವರೆಗೆ ಹಾರನ್ ಆಯಿತು. ಇಬ್ಬರೂ ದಡಬಡ ಎದ್ದೆವು. ಅವಳು ಎಲೆ ಬಾಚತೊಡಗಿದಳು, ನಾನು ಚಪ್ಪಲಿ ಮೆಟ್ಟಿದೆ. ಬಾಗಿಲವರೆಗೂ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಿನ್ನ ಸೊಸೆ ಬೈತಾಳೆ ಕಣಕ್ಕ" ಅಂದಳು ತಂಗಿ.

ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕೆವು, ಹೊಟ್ಟೆ ಹಿಡಿದುಕೊಂಡು. ಆಮೇಲೆ ಚಪ್ಪಲಿ ಬಿಟ್ಟೆ. ಸಂಜೆಯಲ್ಲಿ ಈ ಮನೆಯ ಗೋಡೆ ಇಷ್ಟು ಚೆಂದ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಈ ಹೊತ್ತಿಗೆ ಇಲ್ಲಿ ಇದ್ದದ್ದೇ ಇಲ್ಲವಲ್ಲ.

ಬಂದಳು. ಹೊಸದಾಗಿ ಎಲೆ ಹಂಚಿದ್ದಾಳೆ. "ಏನು ಬರೀತಿದ್ದೀಯ? ಸೋಲೋಕೆ ಮುಂಚೆ ಉಯಿಲಾ?"

ಎತ್ತಿ ನೋಡಿದೆ. ರಾಣಿ. ಇನ್ನೊಂದು ರಾಣಿ. ಮೂರನೆಯದೂ... ಇರು ಕಣೆ ತಂಗಿ, ಇವತ್ತು ನಿನ್ನ—