ಎಳೆಯದ ಹಗ್ಗ

ನವೆಂಬರ್ ೧೪, ಗುರುವಾರ. ಒಕಾಝಾಕಿ.

ಇವತ್ತೂ ದಿನವಿಡೀ ಹಸಿರು ದೀಪ. ಬ್ರೇಕ್ ಜೋಡಿಸುವ ನಮ್ಮ ಲೈನ್ ಒಮ್ಮೆಯೂ ನಿಲ್ಲಲಿಲ್ಲ. ಮ್ಯಾನೇಜರ್ ಹಿರಾಇವಾಗೆ ಖುಷಿಯೋ ಖುಷಿ: "ನೋಡಿದ್ರಾ, ಎರಡು ಪದ್ಧತಿ ಸೇರಿಸಿದ್ದು ಒಳ್ಳೇದೇ ಆಯ್ತು!"

ಹಳೆಯ ಪದ್ಧತಿಯಲ್ಲಿ ಅನುಮಾನ ಬಂದವರು ಹಗ್ಗ ಎಳೆದು ಲೈನ್ ನಿಲ್ಲಿಸಬೇಕು. ಸೂಪರ್‌ವೈಸರ್ ಆದ ನಾನು ಓಡಿಹೋಗಿ ಮೊದಲು ಥ್ಯಾಂಕ್ಸ್ ಹೇಳಬೇಕು. ಅದರ ಜೊತೆಗೆ ಈ ವರ್ಷ ಸೇರಿಸಿದ ಹೊಸ ಪದ್ಧತಿಯಲ್ಲಿ, ಲೈನ್ ನಿಂತಾಗಲೆಲ್ಲ ತಂಡದ ಅಂಕ ಕಡಿತ.

ಮಧ್ಯಾಹ್ನ ನತ್ಸುಮೆ ಹಗ್ಗಕ್ಕೆ ಕೈ ಹಾಕಿ, ಹಾಗೇ ಬಿಟ್ಟುಬಿಟ್ಟಳು.

"ಏನಾಯ್ತಮ್ಮಾ?"

"ಒಂದು ಬೋಲ್ಟ್ ಸಡಿಲ ಅನ್ನಿಸ್ತು ಸಾರ್. ನನ್ನ ಭ್ರಮೆ ಇರ್ಬೇಕು, ಬಿಡಿ. ನಿಲ್ಸಿದ್ರೆ ಕ್ಯಾಂಟೀನಲ್ಲಿ ಎಲ್ರೂ ನನ್ನ ನುಂಗೋ ಹಾಗೆ ನೋಡ್ತಾರೆ."

ಪಾಳಿ ಮುಗಿದ ಮೇಲೆ ಒಬ್ಬನೇ ಕೂತು, ಮಧ್ಯಾಹ್ನ ಜೋಡಿಸಿದ ಬ್ರೇಕ್‌ಗಳ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ನೋಡಿದೆ. ಭ್ರಮೆಯಲ್ಲ. ಬೋಲ್ಟ್ ಬೆರಳಿಗೇ ತಿರುಗಿತು. ಬಿಗಿ ಮಾಡಿ, ಯಾರಿಗೂ ಹೇಳದೆ ಪೆಟ್ಟಿಗೆ ಮುಚ್ಚಿದೆ. ಹಸಿರು ದೀಪಕ್ಕೆ ನಾನೂ ಎಣ್ಣೆ ಹೊಯ್ದಂತಾಯಿತು.

ಭುಜ ಸೇದುತ್ತಿದೆ. ಸ್ನಾನದ ನೀರೂ ಆರಿಹೋಗಿದೆ.

ಮುಂಚೆ ಓಡಿ ಓಡಿ ಕಾಲು ಬಿದ್ದುಹೋಗುತ್ತಿತ್ತು. ಈಗ ಕಾಲಿಗೆ ನೋವೇ ಇಲ್ಲ. ಥ್ಯಾಂಕ್ಸ್ ಹೇಳಿ ಎಷ್ಟು ದಿನವಾಯಿತೋ, ನೆನಪಾಗುತ್ತಿಲ್ಲ.