ಫ್ರಿಜ್ಜಿನೊಳಗಿನ ತಾಯತ

ಭೋಜ ಗ್ರಾಮದ ಮಹಾರಾಣಿ ನೀಲಮಕ್ಕನ ಸನ್ನಿಧಾನಕ್ಕೆ,

ಬಾಹ್ಯಾಕಾಶ ವಿಜ್ಞಾನದ ಮಹಾಸೇವಕನೂ, ಸದ್ಯಕ್ಕೆ ಚಿಕ್ಕೋಡಿ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಕೊಳವೆ ತೊಳೆಯುವವನೂ ಆದ ನಿನ್ನ ತಮ್ಮನ ಗಂಭೀರ ವಿಜ್ಞಾಪನೆ.

"ತಾಯತ ಫ್ರಿಜ್‌ನಾಗ ಇಟ್ಟೀನಿ, ಕೆಡಬಾರದಲ್ಲ" ಎಂದು ನೀನು ಫೋನಿನಲ್ಲಿ ಹೇಳಿದಾಗ ನನಗೆ ಬೆವರು ಬಂತು. ಹೊರಗೆ ತೆಗಿ ಎಂದರೆ, ತಮಾಷೆ ಅಂದುಕೊಂಡು "ಚಾಷ್ಟಿ ಸಾಕಲೇ" ಎಂದು ನೀನು ಫೋನ್ ಇಟ್ಟುಬಿಟ್ಟೆ. ಅದಕ್ಕೇ ನಿಮ್ಮ ಓಣಿಯ ಮಲ್ಲೇಶನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ಗಗನನೌಕೆಯಲ್ಲಿ ಫ್ರಿಜ್ಜಿಗೆ ಜಾಗ ಸಿಗುವುದು ಕಷ್ಟ. ಅದಕ್ಕೆ ಯಾತ್ರಿಗಳ ರಕ್ತ, ಉಗುಳನ್ನು ಕಾಗದದ ಮೇಲೆ ಒಣಗಿಸಿ ಇಡುವುದನ್ನು ಇಲ್ಲಿ ಕಲಿಯುತ್ತಿದ್ದೇವೆ. ಒಣಗಿದ್ದನ್ನು ಸೆಕೆಗಿಂತ ತೇವವೇ ಹೆಚ್ಚು ಕೆಡಿಸುತ್ತದೆ. ನಿಮ್ಮತ್ತೆ ನಿನ್ನ ಕೂಸು ಲಖನನ ಹೊಕ್ಕುಳಬಳ್ಳಿಯನ್ನು ಒಣಗಿಸಿ ತಾಯತದಲ್ಲಿ ಇಟ್ಟಿದ್ದರಿಂದಲೇ ಅದು ಉಳಿದಿದೆ. ಫ್ರಿಜ್ಜಿನಲ್ಲಿ ಅದಕ್ಕೆ ತೇವ ಹಿಡಿಯುತ್ತದೆ; ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿಡು, ಪ್ಲಾಸ್ಟಿಕ್ ಬೇಡ.

"ನನ್ನ ಕೂಸಿಂದು ಅದೊಂದ ಉಳದೈತಿ, ಅದನ್ನೂ ಕೇಳ್ತಿಯೇನೋ?" ಎಂದು, ಪರೀಕ್ಷೆಗೆ ಅದನ್ನು ಮೊದಲ ಸಲ ಕೇಳಿದಾಗ ನೀನು ಅಂದದ್ದು ಮರೆತಿಲ್ಲ. ಆದರೆ ಲಖನನನ್ನು ಒಯ್ದ ಕಾಯಿಲೆ ಯಾವುದೆಂದು ತಿಳಿದರೆ, ಈಗ ನಿನ್ನ ಹೊಟ್ಟೆಯಲ್ಲಿರುವ ಕೂಸಿಗೂ ಅದು ಇದೆಯೇ ಎಂದು ನೋಡಬಹುದು ಅಂತ ಡಾಕ್ಟರು ಹೇಳಿದ್ದಾರೆ. ಎಲ್ಲವೂ ಬೇಡ, ಅಕ್ಕಿಕಾಳಿನಷ್ಟು ಸಾಕು. ಉಳಿದದ್ದು ತಾಯತದೊಳಗೆ ನಿನ್ನ ಹತ್ತಿರವೇ ಇರಲಿ.

ರವಿವಾರ ನಾನೇ ಬಂದು ಕತ್ತರಿಸುತ್ತೇನೆ. ಆಗ ನೀನು ಚಹಾ ಮಾಡುವ ನೆಪ ಹೇಳಿ ಒಳಗೆ ಹೋಗಿಬಿಡು. ಕತ್ತರಿಸುವ ಮೊದಲು ನಾನು ತಾಯತಕ್ಕೆ ಕೈಮುಗಿಯುವುದನ್ನು ನೋಡಿದರೆ ಸಾಯುವತನಕ ಆಡಿಕೊಳ್ಳುತ್ತೀ.

ನಿನ್ನ ತಮ್ಮ,
ಸಮಾಧಾನ